ಹೊಲದಲ್ಲಿ ಗಾಂಜಾ ಗಿಡ ಸಿಕ್ಕಿದ ಕೇಸ್: ಪಕ್ಕದೂರಿನವರಿಗೆ ಜಾಮೀನು ಸಿಕ್ಕಿತು, ನಮ್ಮ ಚಿಕ್ಕಪ್ಪನಿಗೆ ಯಾಕಿಲ್ಲ?

ಕಾಡಂಚಿನ ಹುಡುಗ | ಜನವರಿ 18

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಿದ್ದೆ ಅಷ್ಟೇ, ಬರೆಯುತ್ತಿರುವುದು ಇದೇ ಮೊದಲು. ನಮ್ಮದು ಚಾಮರಾಜನಗರ ಜಿಲ್ಲೆ, ಕಾಡಂಚಿನ ಊರು. ನವೆಂಬರ್ 8ಕ್ಕೆ ಚಿಕ್ಕಪ್ಪನ ಮುಸುಕಿನ ಜೋಳದ ಹೊಲದಲ್ಲಿ ಪೊಲೀಸರು 64 ಗಾಂಜಾ ಗಿಡ ಕಿತ್ತರು. ಅವತ್ತೇ ಚಿಕ್ಕಪ್ಪನನ್ನು ಕರೆದುಕೊಂಡು ಹೋದರು. ಇವತ್ತಿಗೆ 71 ದಿನ.

(ಇಲ್ಲಿದ್ದ ನಾಲ್ಕು ಸಾಲುಗಳನ್ನು ಕೆಳಗೆ ವಕೀಲರು ಹೇಳಿದ ಮೇಲೆ ತೆಗೆದಿದ್ದೇನೆ.)

ಮಹಜರಿನಲ್ಲಿ 41 ಕೆ.ಜಿ. ಅಂತ ಬರೆದಿದ್ದಾರೆ. ಆಗ ನಾನು ಅಲ್ಲೇ ಬದುವಿನ ಮೇಲೆ ನಿಂತಿದ್ದೆ. ಗಿಡಗಳನ್ನು ಬೇರು ಸಮೇತ ಕಿತ್ತರು. ಹಿಂದಿನ ರಾತ್ರಿ ಮಳೆ ಬಿದ್ದು ನೆಲ ಹಸಿಯಾಗಿತ್ತು. ಬೇರಿಗೆ ಅಂಟಿದ ಮಣ್ಣನ್ನೂ ಕೊಡವದೆ ಗೋಣಿಚೀಲಕ್ಕೆ ತುರುಕಿದರು. ಊರಿನ ರೇಷ್ಮೆಗೂಡು ತೂಗುವ ತಕ್ಕಡಿ ತರಿಸಿ ತೂಗಿದರು. ಅರ್ಧಕ್ಕರ್ಧ ಗಿಡ ನನ್ನ ಮೊಣಕಾಲಿಗೂ ಬರುತ್ತಿರಲಿಲ್ಲ.

ಜನವರಿ 10ಕ್ಕೆ ಜಿಲ್ಲಾ ಕೋರ್ಟಿನಲ್ಲಿ ಜಾಮೀನು ಅರ್ಜಿ ವಜಾ ಆಯಿತು. ಆದೇಶದಲ್ಲಿ 'ವಾಣಿಜ್ಯ ಪ್ರಮಾಣ' ಅಂತಲೂ 'ಕಲಂ 37' ಅಂತಲೂ ಇದೆ. ಪಕ್ಕದೂರಿನ ಒಬ್ಬರ ಹೊಲದಲ್ಲೂ ಸುಮಾರು ಇಷ್ಟೇ ಗಿಡ ಸಿಕ್ಕಿದ್ದವು. ಅವರು 40 ದಿನಕ್ಕೆ ಮನೆಗೆ ಬಂದರು. ಅದೇ ಕೋರ್ಟು. ನಮಗೇನು ಬೇರೆ ಕಾನೂನಾ? ಚಿಕ್ಕಮ್ಮ ದಿನಾ ಇದನ್ನೇ ಕೇಳುತ್ತಾರೆ. ಏನು ಹೇಳಲಿ ಅಂತ ಗೊತ್ತಾಗುತ್ತಿಲ್ಲ.

ವಕಾಲತ್ತು | ಜನವರಿ 18

ಮೊದಲು ಒಂದು ಮಾತು. ಬೀಜ, ದುಡ್ಡು, ಯಾರು ಬಂದಿದ್ದರು ಎಂಬ ಸಾಲುಗಳನ್ನು ಈಗಲೇ ತೆಗೆಯಿರಿ. ಅದು ನಿಮ್ಮ ವಕೀಲರ ಕಿವಿಗೆ ಮಾತ್ರ ಹೋಗಬೇಕಾದ ಮಾತು. ಇಲ್ಲಿ ಬರೆದದ್ದನ್ನು ಯಾರು ಬೇಕಾದರೂ ಓದಬಹುದು.

ಈಗ ನಿಮ್ಮ ಪ್ರಶ್ನೆಗೆ. ಉತ್ತರ ಇರುವುದು ಆ ರೇಷ್ಮೆಗೂಡಿನ ತಕ್ಕಡಿಯಲ್ಲಿ.

1985ರ ಮಾದಕ ವಸ್ತು ತಡೆ ಕಾಯ್ದೆ, ಅಂದರೆ ಎನ್‌ಡಿಪಿಎಸ್ ಕಾಯ್ದೆಯ ಕಲಂ 20ರಲ್ಲಿ ಎರಡು ಬೇರೆ ಬೇರೆ ಅಪರಾಧ ಇವೆ. 20(ಎ) ಎಂದರೆ ಗಾಂಜಾ ಗಿಡ ಬೆಳೆಸುವುದು. ಶಿಕ್ಷೆ 10 ವರ್ಷದವರೆಗೆ, ದಂಡ 1 ಲಕ್ಷದವರೆಗೆ. ಇಲ್ಲಿ ತೂಕದ ಮಾತೇ ಇಲ್ಲ. ಹಿತ್ತಲಲ್ಲಿ ಒಂದು ಗಿಡ ಇದ್ದರೂ ಅದೇ ಕಲಂ, ಒಂದು ಎಕರೆ ಇದ್ದರೂ ಅದೇ ಕಲಂ. 20(ಬಿ) ಎಂದರೆ ಗಾಂಜಾ ಉತ್ಪಾದಿಸುವುದು, ಇಟ್ಟುಕೊಳ್ಳುವುದು, ಸಾಗಿಸುವುದು, ಮಾರುವುದು. ಅಲ್ಲಿ ತೂಕವೇ ಎಲ್ಲ. 1 ಕೆ.ಜಿ.ವರೆಗೆ ಸಣ್ಣ ಪ್ರಮಾಣ. 20 ಕೆ.ಜಿ. ದಾಟಿದರೆ ವಾಣಿಜ್ಯ ಪ್ರಮಾಣ. ಅದಕ್ಕೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ.

ಕಲಂ 37 ಎಂಬ ದೊಡ್ಡ ಬೀಗ ಬೀಳುವುದು ವಾಣಿಜ್ಯ ಪ್ರಮಾಣದ ಕೇಸ್‌ಗೆ, ಮತ್ತೆ ಕಲಂ 19, 24, 27ಎ ಕೇಸ್‌ಗಳಿಗೆ. ಅಂಥ ಕೇಸ್‌ನಲ್ಲಿ ಸರ್ಕಾರಿ ವಕೀಲರು ವಿರೋಧಿಸಿದರೆ ಜಡ್ಜ್‌ಗೆ ಎರಡು ವಿಷಯ ಮನವರಿಕೆ ಆಗಬೇಕು. ಆರೋಪಿ ತಪ್ಪು ಮಾಡಿಲ್ಲ ಎಂದು ನಂಬಲು ತಕ್ಕ ಕಾರಣ ಇದೆ ಅನ್ನುವುದು ಒಂದು. ಹೊರಗೆ ಬಂದರೆ ಮತ್ತೆ ಅಪರಾಧ ಮಾಡುವ ಸಂಭವ ಇಲ್ಲ ಅನ್ನುವುದು ಇನ್ನೊಂದು. ಸಾಕ್ಷಿ ವಿಚಾರಣೆಯೇ ಶುರುವಾಗದ ಹೊತ್ತಿಗೆ ಮೊದಲನೆಯದನ್ನು ತೋರಿಸುವುದು ಎಷ್ಟು ಕಷ್ಟ ಅಂತ ನೀವೇ ಯೋಚಿಸಿ.

ಪಕ್ಕದೂರಿನವರ ಎಫ್‌ಐಆರ್‌ನಲ್ಲಿ 20(ಎ) ಮಾತ್ರ ಇತ್ತು ಅಂತ ನನ್ನ ಊಹೆ. ನಿಮ್ಮದನ್ನು ತೆಗೆದು ನೋಡಿ.

ಕಾಡಂಚಿನ ಹುಡುಗ | ಜನವರಿ 18

ನೋಡಿದೆ ಸಾರ್. ನಮ್ಮದರಲ್ಲಿ 20(ಎ) ಇದೆ, ಜೊತೆಗೆ 20(ಬಿ)(2)(ಸಿ) ಅಂತಲೂ ಇದೆ. ಪಕ್ಕದೂರಿನವರ ಮಗನನ್ನೂ ಫೋನ್ ಮಾಡಿ ಕೇಳಿದೆ. ಅವರದರಲ್ಲಿ 20(ಎ) ಒಂದೇ. ಅವರ ಮಹಜರಿನಲ್ಲಿ ಗಿಡದ ಲೆಕ್ಕ ಮಾತ್ರ ಬರೆದಿದ್ದಾರೆ, ಒಟ್ಟು ತೂಕ ಬರೆದಿಲ್ಲ.

ವಕಾಲತ್ತು | ಜನವರಿ 19

ಹಾಗಾದರೆ ಊಹೆ ಸರಿ ಆಯಿತು. ಕೊನೆಯ ಆ (ಸಿ) ಅಂದರೆ ವಾಣಿಜ್ಯ ಪ್ರಮಾಣ. ನಿಮ್ಮ ಕೇಸ್‌ನಲ್ಲಿ ಗಿಡದ ತೂಕವನ್ನೇ ಗಾಂಜಾದ ತೂಕ ಅಂತ ಹಿಡಿದಿದ್ದಾರೆ. ಹೈಕೋರ್ಟಿನಲ್ಲಿ ವಾದ ನಡೆಯಬೇಕಾದದ್ದು ಇಲ್ಲೇ.

ಕಾಯ್ದೆಯಲ್ಲಿ ಗಾಂಜಾ ಎಂದರೆ ಇಡೀ ಗಿಡ ಅಲ್ಲ. ಹೂವಿನ ಅಥವಾ ಕಾಯಿಯ ತುದಿ ಮಾತ್ರ. ತುದಿ ಜೊತೆಗಿಲ್ಲದ ಎಲೆ, ಬೀಜ ಇವು ಗಾಂಜಾ ಲೆಕ್ಕಕ್ಕೆ ಬರುವುದಿಲ್ಲ. ಅಂದಮೇಲೆ ಕಾಂಡ, ಬೇರು, ಬೇರಿನ ಮಣ್ಣು ಎಲ್ಲಿಂದ ಬರುತ್ತವೆ? ಮೊಣಕಾಲುದ್ದದ ಗಿಡ ಹೂವೇ ಬಿಟ್ಟಿರದಿದ್ದರೆ ಅದು 'ಗಾಂಜಾ ಗಿಡ' ಹೌದು, ಬೆಳೆಸಿದ್ದು ತಪ್ಪೂ ಹೌದು. ಆದರೆ ಅದರಲ್ಲಿ ಕಾನೂನು ಹೇಳುವ 'ಗಾಂಜಾ' ಇನ್ನೂ ಹುಟ್ಟಿಲ್ಲ.

ಇನ್ನೊಂದು ಇದೆ, ಇದನ್ನು ಬಹಳ ವಕೀಲರು ಹೇಳುವುದನ್ನೇ ಮರೆಯುತ್ತಾರೆ. ಕಾಯ್ದೆಯ ಪ್ರಕಾರ 'ಉತ್ಪಾದನೆ' ಎಂದರೆ ಗಿಡದಿಂದ ಗಾಂಜಾ ಬೇರ್ಪಡಿಸುವುದು. ನೆಲದಲ್ಲಿ ನಿಂತಿರುವ ಗಿಡದಿಂದ ಯಾರೂ ಏನೂ ಬೇರ್ಪಡಿಸಿಲ್ಲ. ನಿಮ್ಮ ಚಿಕ್ಕಪ್ಪನ ಹೊಲದಲ್ಲಿ ಕಿತ್ತವರು ಪೊಲೀಸರು. ಮನೆಯಲ್ಲಿ ಒಣಗಿಸಿ ಇಟ್ಟದ್ದು ಏನಾದರೂ ಸಿಕ್ಕಿತ್ತಾ? ಇಲ್ಲ ಎಂದಾದರೆ 20(ಬಿ) ಯಾಕೆ ಬಂತು ಅಂತ ಗಟ್ಟಿಯಾಗಿ ಕೇಳಬೇಕು.

ತುದಿ ಬೇರ್ಪಡಿಸದೆ ಇಡೀ ಗಿಡ ತೂಗಿದ್ದಾರೆ ಎಂಬ ಕಾರಣಕ್ಕೆ ಹೈಕೋರ್ಟುಗಳು ಜಾಮೀನು ಕೊಟ್ಟಿರುವುದು ಉಂಟು. ಹಾಗಂತ ಪ್ರತಿ ಸಲ ಸಿಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. 'ತುದಿ ಎಷ್ಟು, ಎಲೆ ಎಷ್ಟು ಎಂಬುದನ್ನು ಟ್ರಯಲ್‌ನಲ್ಲಿ ನೋಡೋಣ' ಅಂತ ಅರ್ಜಿ ವಜಾ ಮಾಡಿದ ಆದೇಶಗಳೂ ನನ್ನ ಕೈಯಲ್ಲೇ ಇವೆ.

ಟೀಚರ್ ಅಮ್ಮ | ಜನವರಿ 19

ನೀವೆಲ್ಲ ಬೇರಿನ ಮಣ್ಣಿನ ಲೆಕ್ಕ ಹಾಕುತ್ತಿದ್ದೀರಿ. ನಾನು ಬೇರೆ ಲೆಕ್ಕ ಹೇಳುತ್ತೇನೆ. ನಾನು ಹೈಸ್ಕೂಲ್ ಟೀಚರ್. ನನ್ನ ಮಗ ಪಿಯುಸಿ ಎರಡನೇ ವರ್ಷದಲ್ಲಿ ಗಾಂಜಾಕ್ಕೆ ಬಿದ್ದ. ನಮಗೆ ಗೊತ್ತಾಗುವ ಹೊತ್ತಿಗೆ ಒಂದೂವರೆ ವರ್ಷ ಕಳೆದಿತ್ತು. ಅವನ ಜ್ಯಾಮಿಟ್ರಿ ಬಾಕ್ಸ್‌ನಲ್ಲಿ ಕಂಪಾಸ್ ಇರುವ ಜಾಗದಲ್ಲಿ ಸಣ್ಣ ಪ್ಲಾಸ್ಟಿಕ್ ಪೊಟ್ಟಣ ಸಿಕ್ಕಿತು. ಆ ಬಾಕ್ಸ್ ಅವನ ಐದನೇ ಕ್ಲಾಸಿಗೆ ನಾನೇ ಕೊಡಿಸಿದ್ದು.

ಆ ಪೊಟ್ಟಣದಲ್ಲಿದ್ದದ್ದು ಯಾರದೋ ಹೊಲದಲ್ಲೇ ಬೆಳೆದದ್ದು, ಅಲ್ವಾ? ಜೋಳದ ಮರೆಯಲ್ಲಿ ಬೆಳೆಸುತ್ತಾರೆ ಎಂದರೆ ತಪ್ಪು ಅಂತ ಗೊತ್ತಿದ್ದೇ ಬೆಳೆಸುತ್ತಾರೆ. 40 ದಿನಕ್ಕೆ ಹೊರಗೆ ಬಂದವರು ಮುಂದಿನ ಮಳೆಗಾಲಕ್ಕೆ ಮತ್ತೆ ಬೀಜ ಹಾಕುವುದಿಲ್ಲ ಅಂತ ಯಾರು ಹೇಳುತ್ತಾರೆ?

ಹಳೇ ಖಾಕಿ | ಜನವರಿ 20

ಟೀಚರ್ ಅಮ್ಮನ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ನಾನು ಇಲಾಖೆಯಲ್ಲಿ 31 ವರ್ಷ ಇದ್ದೆ. ಇಂಥ ದಾಳಿಗಳಿಗೆ ಹೋಗಿದ್ದೇನೆ. ಎರಡೂ ಕಡೆಯದನ್ನು ಹೇಳುತ್ತೇನೆ.

ಹೊಲದಲ್ಲಿ ನಡೆಯುವುದು ಹೀಗೆ. ಮಾಹಿತಿ ಬರುವುದೇ ಮಧ್ಯಾಹ್ನದ ಮೇಲೆ. ಪಂಚರನ್ನು, ಅಂದರೆ ಮಹಜರಿಗೆ ಸಾಕ್ಷಿ ನಿಲ್ಲುವವರನ್ನು ಹುಡುಕಬೇಕು. ಊರಿನವರು ಯಾರೂ ಬರುವುದಿಲ್ಲ, ನಾಳೆ ಅದೇ ಊರಲ್ಲಿ ಬದುಕಬೇಕಲ್ಲ. ತಹಶೀಲ್ದಾರರೋ ಇನ್ನೊಬ್ಬ ಗೆಜೆಟೆಡ್ ಅಧಿಕಾರಿಯೋ ಬರುವ ಹೊತ್ತಿಗೆ ಸಂಜೆ ಐದು. ಕಾಡಂಚಿನಲ್ಲಿ ಕತ್ತಲೆ ಬೇಗ, ಆನೆ ಭಯ ಬೇರೆ. ಆ ಅವಸರದಲ್ಲಿ ನೂರಾರು ಗಿಡದ ತುದಿ ಕತ್ತರಿಸಿ ಬೇರೆ, ಎಲೆ ಬೇರೆ, ಕಾಂಡ ಬೇರೆ ಅಂತ ಯಾರು ಮಾಡುತ್ತಾರೆ? ಹಾಗೇ ಚೀಲಕ್ಕೆ ತುಂಬಿ ಬರುತ್ತೇವೆ. ಮಾಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಹೀಗೇ ನಡೆಯುತ್ತಿತ್ತು.

ಹೀಗೆ ತುಂಬಿ ತಂದ ಚೀಲದಲ್ಲಿ ಹೂವಿನ ತುದಿಯೇ 20 ಕೆ.ಜಿ. ದಾಟುವಷ್ಟು ಇದ್ದ ಕೇಸ್‌ಗಳೂ ಇದ್ದವು. ಎಲ್ಲ ಕೇಸ್ ಮಣ್ಣಿನ ತೂಕದ್ದಲ್ಲ. ಅದನ್ನೂ ಹೇಳಬೇಕು.

ನನಗೆ ಇವತ್ತಿಗೂ ಕೊರೆಯುವುದು ಬೇರೆ. ಬೀಜ ತಂದವನು, ಮುಂಗಡ ಕೊಟ್ಟವನು, ಕೊಯ್ಲಿನ ರಾತ್ರಿ ಟೆಂಪೋ ತರುವವನು, ಇವರ ಹತ್ತಿರ ನಾವು ತಲುಪಿದ್ದು ಬಹಳ ಕಮ್ಮಿ. ರೈತನಿಗೆ ಅವನ ನಿಜವಾದ ಹೆಸರೂ ಗೊತ್ತಿರುವುದಿಲ್ಲ. ಒಂದು ಫೋನ್ ನಂಬರ್, ಅದೂ ಬೇರೆ ಯಾರದೋ ಹೆಸರಲ್ಲಿ. ಗಿಡ ಸಿಕ್ಕಿತು, ಹೊಲದವನು ಸಿಕ್ಕ, ಕೇಸ್ ಮುಗಿಯಿತು.

ವಕಾಲತ್ತು | ಜನವರಿ 20

ಹಳೇ ಖಾಕಿಯವರೇ, ನೀವು ಹೇಳಿದ್ದು ಈ ಕಾಯ್ದೆಯ ನಡುಮಧ್ಯದ ವಿಷಯ. ಕಲಂ 27ಎ ಇರುವುದೇ ಅಕ್ರಮ ವ್ಯವಹಾರಕ್ಕೆ ದುಡ್ಡು ಹಾಕುವವರಿಗೆ. ಗಾಂಜಾ ಗಿಡ ಬೆಳೆಸುವುದೂ ಆ 'ಅಕ್ರಮ ವ್ಯವಹಾರ'ದ ಅರ್ಥದೊಳಗೆ ಬರುತ್ತದೆ. ದುಡ್ಡು ಹಾಕಿದವನಿಗೆ ಶಿಕ್ಷೆ 10ರಿಂದ 20 ವರ್ಷ. ಒಂದು ಗ್ರಾಂ ತೂಗದಿದ್ದರೂ ಅವನ ಮೇಲೆ ಕಲಂ 37 ಬೀಳುತ್ತದೆ. ಬರೀ ಗಿಡ ಬೆಳೆಸಿದವನ ಮೇಲೆ ಬೀಳುವುದಿಲ್ಲ.

ಅಂದರೆ ಶಾಸನ ಮಾಡಿದವರು ದೊಡ್ಡ ಬೀಗ ಇಟ್ಟದ್ದು ಮುಂಗಡ ಕೊಟ್ಟವನಿಗೆ. 1989ರಲ್ಲಿ ಕಲಂ 37 ಬಿಗಿ ಮಾಡಿದರು. 2001ರಲ್ಲಿ ತಿದ್ದುಪಡಿ ತಂದು ಸಣ್ಣವರನ್ನು ಅದರಿಂದ ಹೊರಗೆ ತೆಗೆದರು. ಆದರೆ ಹೊಲದಲ್ಲಿ ಬೇರು, ಮಣ್ಣು ಸೇರಿಸಿ ತೂಗಿದ ಕೂಡಲೇ ಆ ದೊಡ್ಡ ಬೀಗ ನೀರು ಹಾಯಿಸಿದವನ ಮೇಲೆ ಬೀಳುತ್ತದೆ. ಮುಂಗಡ ಕೊಟ್ಟವನು ಎಫ್‌ಐಆರ್‌ನಲ್ಲೇ ಇರುವುದಿಲ್ಲ.

ಟೀಚರ್ ಅಮ್ಮ, ನಿಮ್ಮ ಮಗನ ವಿಷಯ ಓದಿ ನಿಜವಾಗಲೂ ಸಂಕಟ ಆಯಿತು. ಜಾಮೀನು ಎಂದರೆ ಬಿಡುಗಡೆ ಅಲ್ಲ, ಕೇಸ್ ನಡೆಯುತ್ತದೆ. ಮತ್ತೆ ಬೀಜ ಹಾಕಿದರೆ ಜಾಮೀನು ರದ್ದು ಮಾಡಿಸಬಹುದು. ಆಮೇಲೆ ಇನ್ನೊಮ್ಮೆ ಸಿಗುವುದು ಬಹಳ ಕಷ್ಟ.

ಟೀಚರ್ ಅಮ್ಮ | ಜನವರಿ 21

ಕಾನೂನು ನೀವು ಹೇಳಿದ ಹಾಗೇ ಇರಬಹುದು. ಮುಂಗಡ ಕೊಟ್ಟವನನ್ನು ಹಿಡಿಯಲಿ, ಅದನ್ನು ನಾನೂ ಬೇಡ ಅನ್ನುವುದಿಲ್ಲ. ಆದರೆ ಬೆಳೆದವನಿಗೂ ಭಯ ಇರಲೇಬೇಕು ಎಂಬ ನನ್ನ ಮಾತು ಬದಲಾಗಿಲ್ಲ. ನನ್ನ ಮಗ ಎಂಟು ತಿಂಗಳಿಂದ ಮುಟ್ಟಿಲ್ಲ. ಈಗಲೂ ಅವನು ಬಾತ್‌ರೂಮಿನಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಇದ್ದರೆ ನಾನು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತೇನೆ.

ನಿವೃತ್ತ ಲೆಕ್ಕಿಗ | ಜನವರಿ 22

ನಾನು ಗ್ರಾಮ ಲೆಕ್ಕಿಗನಾಗಿ ಕೆಲಸ ಮಾಡಿದವನು. ಪಹಣಿ ಕಡೆಯಿಂದ ಒಂದೆರಡು ಮಾತು ಹೇಳುತ್ತೇನೆ. ಇಲ್ಲಿ ಬಹಳ ಜನ ಎಡವುತ್ತಾರೆ.

ದಾಳಿ ಆದ ಕೂಡಲೇ ಸ್ಟೇಷನ್‌ನಿಂದ ಪಹಣಿ ಕೇಳುತ್ತಾರೆ. 9ನೇ ಕಾಲಂನಲ್ಲಿ ಯಾರ ಹೆಸರಿದೆಯೋ ಅವರೆಲ್ಲ ಆರೋಪಿ ಆಗಿಬಿಡುವುದನ್ನು ನೋಡಿದ್ದೇನೆ. ಜಂಟಿ ಖಾತೆಯಲ್ಲಿ ತೀರಿಹೋದ ಅಜ್ಜನ ಹೆಸರು, ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸ ಮಾಡುವ ತಮ್ಮನ ಹೆಸರು, ಮದುವೆಯಾಗಿ ಹೋದ ಅಕ್ಕನ ಹೆಸರು ಎಲ್ಲ ಇರುತ್ತವೆ. ಆದರೆ ಉಳುಮೆ ಮಾಡುವವರ ವಿವರ ಇರುವುದು 12ನೇ ಕಾಲಂನಲ್ಲಿ. ಕೋರಿಗೆ (ಪಾಲಿಗೆ) ಕೊಟ್ಟದ್ದು, ಬಾಯಿ ಮಾತಿನ ಗುತ್ತಿಗೆ ಇವೆಲ್ಲ ಎಷ್ಟೋ ಸಲ ಅಲ್ಲಿಯೂ ಬರುವುದಿಲ್ಲ. ಈಗ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಹೊಲದ ಫೋಟೊ ಹಾಕುತ್ತಾರೆ. ಆ ಸರ್ವೆ ನಂಬರಿಗೆ ಯಾವ ಬೆಳೆ ದಾಖಲಾಗಿದೆ, ಯಾರು ದಾಖಲಿಸಿದರು ಎಂಬುದನ್ನು ತೆಗೆಸಿ ಇಟ್ಟುಕೊಳ್ಳಿ.

ಇನ್ನೊಂದು ವಿಷಯ ಎಲ್ಲ ರೈತರಿಗೂ ಗೊತ್ತಿರಬೇಕು. ನಿಮ್ಮ ಜಮೀನಿನಲ್ಲಿ ಬೇರೆಯವರು ಹಾಕಿದ್ದಾರೆ ಅಂತ ಗೊತ್ತಾದರೆ ಕೂಡಲೇ ತಿಳಿಸಬೇಕು. ಅದು ಕಲಂ 46. ತಿಳಿದೂ ಸುಮ್ನೆ ಇದ್ದರೆ ಅದೇ ತಪ್ಪು. ನಮ್ಮಂಥ ಗ್ರಾಮದ ಅಧಿಕಾರಿಗಳಿಗೂ ಕಲಂ 47ರಲ್ಲಿ ಇದೇ ಹೊಣೆ ಇದೆ.

ವಕಾಲತ್ತು | ಜನವರಿ 22

ಲೆಕ್ಕಿಗರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕಲಂ 54ರಲ್ಲಿ ಕೋರ್ಟ್ ಆರೋಪಿಯೇ ತಪ್ಪು ಮಾಡಿದ್ದಾನೆ ಅಂತ ಊಹೆ ಮಾಡಬಹುದು. ಆದರೆ ಅಲ್ಲಿರುವ ಪದ 'ಆತ ಸಾಗುವಳಿ ಮಾಡಿದ ಜಮೀನು'. ಆತನ ಹೆಸರಲ್ಲಿರುವ ಜಮೀನು ಅಂತ ಇಲ್ಲ.

ಸುಪ್ರೀಂ ಕೋರ್ಟಿನ ಅಲಖ್ ರಾಮ್ ಕೇಸ್ ಇದೆ, 2004ರ ವರದಿಯಲ್ಲಿ ಸಿಗುತ್ತದೆ. ಉತ್ತರ ಪ್ರದೇಶದ್ದು. ಮನೆತನದ ಜಾಗದಲ್ಲಿ ಗಾಂಜಾ ಗಿಡ ಸಿಕ್ಕಿದ್ದವು. ತಾನಾಗಿ ಹುಟ್ಟಿರಬಹುದು, ಮಾಲೀಕರು ಕಿತ್ತು ಹಾಕಲು ಉದಾಸೀನ ಮಾಡಿರಬಹುದು, ಆದರೆ ಈತನೇ ಬೆಳೆಸಿದ ಅಂತ ಸಾಬೀತಾಗಬೇಕು ಎಂದು ಕೋರ್ಟ್ ಹೇಳಿತು. ಶಿಕ್ಷೆ ರದ್ದಾಯಿತು. ಅದು ಮೇಲ್ಮನವಿಯ ತೀರ್ಪು, ಜಾಮೀನಿನದಲ್ಲ. ಆದರೂ ಜಾಮೀನು ವಾದದಲ್ಲಿ ಕೆಲಸಕ್ಕೆ ಬರುತ್ತದೆ.

ಮೆಣಸಿನಕಾಯಿ ರೈತ | ಜನವರಿ 23

ನಾನು ಬಳ್ಳಾರಿ ಕಡೆಯವನು. ನನಗೇ ಆಗಿದೆ. ಎರಡು ಎಕರೆ ಗುತ್ತಿಗೆಗೆ ಕೊಟ್ಟಿದ್ದೆ, ಬಾಯಿ ಮಾತಿನಲ್ಲಿ. ಮೆಣಸಿನ ಗಿಡದ ಸಾಲಿನಲ್ಲಿ ಅವನು ಇದನ್ನು ಹಾಕಿದ್ದ. ನಾನು ಮೂರು ತಿಂಗಳು ಆ ಕಡೆ ಹೋಗಿರಲಿಲ್ಲ, ಕಾಲು ಮುರಿದು ಮನೆಯಲ್ಲಿದ್ದೆ. ಎಫ್‌ಐಆರ್‌ನಲ್ಲಿ ನನ್ನ ಹೆಸರು ಎರಡನೆಯದು. ನಿರೀಕ್ಷಣಾ ಜಾಮೀನು ಸಿಕ್ಕಿತು. ಆಸ್ಪತ್ರೆ ಚೀಟಿ, ಎಕ್ಸ್‌ರೇ, ಗುತ್ತಿಗೆದಾರ ನನಗೆ ಫೋನ್‌ಪೇ ಮಾಡಿದ ದುಡ್ಡಿನ ದಾಖಲೆ, ಈ ಮೂರೇ ನನ್ನನ್ನು ಉಳಿಸಿದ್ದು. ಗುತ್ತಿಗೆ ಕೊಡುವವರು 100 ರೂಪಾಯಿ ಛಾಪಾ ಕಾಗದದ ಮೇಲಾದರೂ ಬರೆಸಿಕೊಳ್ಳಿ. ಕೈ ಮುಗಿದು ಹೇಳುತ್ತೇನೆ.

ಟೊರೊಂಟೊ ಕನ್ನಡಿಗ | ಜನವರಿ 23

ಇಲ್ಲಿ ಕೆನಡಾದಲ್ಲಿ 2018ರ ಅಕ್ಟೋಬರ್‌ನಿಂದ ಕಾನೂನೇ ಬದಲಾಗಿದೆ. ನಾವಿರುವ ಒಂಟಾರಿಯೊದಲ್ಲಿ ಮನೆಗೆ ನಾಲ್ಕು ಗಿಡ ಬೆಳೆಸಬಹುದು. ಅದೇ ಗಿಡಕ್ಕೆ ಅಲ್ಲಿ ಹತ್ತು ವರ್ಷ ಎಂದರೆ ಇಲ್ಲಿ ಹುಟ್ಟಿದ ನನ್ನ ಮಕ್ಕಳು ನಂಬುವುದಿಲ್ಲ.

ಸಿಂದಗಿ ಕಡೆಯವ | ಜನವರಿ 24

ಕೆನಡಾ ತನಕ ಯಾಕೆ, ನಮ್ಮ ಕಡೆ ಮಠ, ಗದ್ದುಗೆಗಳಲ್ಲಿ ಭಂಗಿ ಸೇದುವ ಪದ್ಧತಿ ತಲೆತಲಾಂತರದಿಂದ ಇದೆ. ಸುರಪುರ ತಾಲ್ಲೂಕಿನ ತಿಂಥಣಿ ಮೌನೇಶ್ವರ ಜಾತ್ರೆಯ ಬಗ್ಗೆ ಪೇಪರಿನಲ್ಲೂ ಬಂದಿತ್ತು. ಸಾಧುಗಳಿಗೆ ಅಂತ ಹಿತ್ತಲಲ್ಲಿ ಎರಡು ಗಿಡ ಬಿಟ್ಟ ಮುದುಕರೂ ಕೇಸ್‌ನಲ್ಲಿ ಸಿಕ್ಕಿದ್ದಾರೆ. ಎರಡು ಗಿಡದ ಮುದುಕನಿಗೂ ಎರಡು ಎಕರೆಯವನಿಗೂ ಅದೇ 20(ಎ) ಎಂದರೆ ಹೇಗೆ?

ವಕಾಲತ್ತು | ಜನವರಿ 24

ಕಲಂ ಒಂದೇ, ಆದರೆ ಕನಿಷ್ಠ ಶಿಕ್ಷೆ ಅಂತ ಅದರಲ್ಲಿ ಇಲ್ಲ. ಎರಡು ಗಿಡದ ಮುದುಕನಿಗೆ ಜಡ್ಜ್ ಎಷ್ಟು ಕಮ್ಮಿ ಬೇಕಾದರೂ ಕೊಡಬಹುದು. ಜಾಮೀನೂ ಸಾಮಾನ್ಯವಾಗಿ ಬೇಗ ಆಗುತ್ತದೆ. ಪದ್ಧತಿ ಅನ್ನುವ ವಾದ ಮಾತ್ರ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಭಂಗಿ ಬೇರೆ ವಿಷಯ. ಎಲೆಯಿಂದ ಮಾಡಿದ ಭಂಗಿ ಈ ಕಾಯ್ದೆಯ ಗಾಂಜಾ ಅಲ್ಲ ಎಂಬ ಕಾರಣಕ್ಕೆ 2022ರಲ್ಲಿ ನಮ್ಮ ಹೈಕೋರ್ಟೇ ಒಬ್ಬರಿಗೆ ಜಾಮೀನು ಕೊಟ್ಟಿದೆ. ಎಲೆಗೂ ತುದಿಗೂ ಕಾನೂನು ಎಷ್ಟು ಅಂತರ ಇಟ್ಟಿದೆ ಅಂತ ಇದರಿಂದಲೇ ಗೊತ್ತಾಗುತ್ತದೆ.

ಗಸಗಸೆ ಬಗ್ಗೆ ಒಬ್ಬರು ಮೆಸೇಜ್‌ನಲ್ಲಿ ಕೇಳಿದ್ದರು. ಅಂಗಡಿಯ ಗಸಗಸೆ ತಂದು ಪಾಯಸ ಮಾಡುವುದಕ್ಕೆ ಏನೂ ತೊಂದರೆ ಇಲ್ಲ. ಗಿಡ ಬೆಳೆಸಬಾರದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ಕೆಲವು ಕಡೆ ಮಾತ್ರ ಕೇಂದ್ರದ ಲೈಸೆನ್ಸ್ ಪಡೆದು ಅಫೀಮಿಗೆ ಬೆಳೆಯುತ್ತಾರೆ. ಅಲ್ಲೊಂದು ವಿಚಿತ್ರ ಇದೆ. ಲೈಸೆನ್ಸ್ ಇರುವ ರೈತ ಅಫೀಮು ಕದ್ದಿಟ್ಟರೆ ಕಲಂ 19, ಅದು ಕಲಂ 37ರ ಬೀಗದ ಒಳಗೆ. ಲೈಸೆನ್ಸೇ ಇಲ್ಲದೆ ಬರೀ ಗಿಡ ಬೆಳೆಸಿದವನು ಅದರ ಹೊರಗೆ.

ಕಾಡಂಚಿನ ಹುಡುಗ | ಜನವರಿ 29

ಮೊನ್ನೆ ಜೈಲಿಗೆ ಹೋಗಿದ್ದೆ. ಚಿಕ್ಕಪ್ಪ ಸೊರಗಿದ್ದಾರೆ. ಹಸು ಕರು ಹಾಕಿತಾ ಅಂತ ಕೇಳಿದರು. ಹಾಕಿದೆ, ಹೆಣ್ಣುಗರು ಅಂದೆ. ಗಾಜಿನ ಆಚೆಯಿಂದ ಅಷ್ಟೇ ಮಾತು.

ಎರಡು ಪ್ರಶ್ನೆ ಇವೆ. ಒಂದು, 60 ದಿನಕ್ಕೆ ಚಾರ್ಜ್‌ಶೀಟ್ ಹಾಕದಿದ್ದರೆ ತಾನಾಗಿ ಜಾಮೀನು ಅಂತ ಊರಲ್ಲಿ ಹೇಳುತ್ತಾರೆ, ನಿಜವಾ? ಎರಡು, ಮ್ಯಾಜಿಸ್ಟ್ರೇಟ್ ಮುಂದೆ ಸ್ಯಾಂಪಲ್ ತೆಗೆದಿಲ್ಲ, 52ಎ ಉಲ್ಲಂಘನೆ, ಇದೊಂದೇ ಸಾಕು ಅಂತ ಒಬ್ಬರು ಯೂಟ್ಯೂಬ್‌ನಲ್ಲಿ ಹೇಳುತ್ತಾರೆ.

ವಕಾಲತ್ತು | ಜನವರಿ 29

ತಾನಾಗಿ ಏನೂ ಆಗುವುದಿಲ್ಲ. ಅವಧಿ ಮುಗಿದ ಮೇಲೆ, ಚಾರ್ಜ್‌ಶೀಟ್ ಬರುವುದಕ್ಕಿಂತ ಮುಂಚೆ ಅರ್ಜಿ ಹಾಕಬೇಕು. ಕನಿಷ್ಠ 10 ವರ್ಷ ಶಿಕ್ಷೆ ಇಲ್ಲದ ಅಪರಾಧಕ್ಕೆ ಆ ಅವಧಿ 60 ದಿನ ಎಂದು 2017ರಲ್ಲಿ ರಾಕೇಶ್ ಕುಮಾರ್ ಪಾಲ್ ಕೇಸ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 20(ಎ) ಒಂದೇ ಇದ್ದಿದ್ದರೆ ಈ ವಾದ ಎತ್ತಬಹುದಿತ್ತು. ಆದರೆ ವಾಣಿಜ್ಯ ಪ್ರಮಾಣ ಅಂತ ಸೇರಿಸಿದ ಕೂಡಲೇ ಅದು 180 ದಿನ ಆಗುತ್ತದೆ. ನೋಡಿ, ಆ ತಕ್ಕಡಿ ಎಲ್ಲೆಲ್ಲಿ ಕೆಲಸ ಮಾಡುತ್ತದೆ.

52ಎ ಒಂದನ್ನೇ ನೆಚ್ಚಿಕೊಳ್ಳಬೇಡಿ. 2016ರ ಮೋಹನ್‌ಲಾಲ್ ತೀರ್ಪು ಸ್ಯಾಂಪಲ್ ಮ್ಯಾಜಿಸ್ಟ್ರೇಟ್ ಮುಂದೆಯೇ ತೆಗೆಯಬೇಕು ಅಂದಿದೆ, ಸರಿ. ಆದರೆ 2024ರ ಡಿಸೆಂಬರ್‌ನಲ್ಲಿ ಕಾಶಿಫ್ ಕೇಸ್‌ನಲ್ಲಿ ಅದೇ ಸುಪ್ರೀಂ ಕೋರ್ಟ್, 52ಎ ಪಾಲನೆಯಲ್ಲಿ ತಡ ಅಥವಾ ಲೋಪ ಆಗಿದೆ ಎಂಬುದಷ್ಟೇ ಜಾಮೀನಿಗೆ ಕಾರಣ ಆಗುವುದಿಲ್ಲ ಎಂದಿತು. ಹಳೇ ವಿಡಿಯೊ ನೋಡಿ ಅರ್ಜಿ ಬರೆಸಿದರೆ ಸರ್ಕಾರಿ ವಕೀಲರು ಆ ತೀರ್ಪನ್ನು ಮುಂದಿಡುತ್ತಾರೆ.

ನಿಮ್ಮ ಅರ್ಜಿಯ ಬೆನ್ನುಮೂಳೆ ತೂಕ. ಮಹಜರು, ಅವತ್ತಿನ ಫೋಟೊಗಳು, ವಿಧಿವಿಜ್ಞಾನ ಪ್ರಯೋಗಾಲಯ ಅಂದರೆ ಎಫ್‌ಎಸ್‌ಎಲ್‌ಗೆ ಕಳಿಸಿದ ಪತ್ರ, ಈ ಮೂರರಲ್ಲಿ 'ತುದಿ' ಎಂಬ ಮಾತು ಎಲ್ಲಾದರೂ ಇದೆಯಾ ನೋಡಿ. ಹಳೇ ಕೇಸ್ ಇಲ್ಲ, ಸ್ವಂತ ಮನೆ, ಜಮೀನು, ಸಂಸಾರ ಇದೆ ಅನ್ನುವುದನ್ನೂ ಸೇರಿಸಿ. ತಡವಾಗುತ್ತಲೇ ಹೋದರೆ 2023ರ ಎರಡು ಆದೇಶ ಕೈಯಲ್ಲಿರಲಿ. ಮೊಹಮ್ಮದ್ ಮುಸ್ಲಿಂ ಕೇಸ್‌ನಲ್ಲಿ ಆರೋಪಿ ಏಳು ವರ್ಷಕ್ಕೂ ಜಾಸ್ತಿ ವಿಚಾರಣಾಧೀನ ಆಗಿದ್ದ. ರಬಿ ಪ್ರಕಾಶ್ ಕೇಸ್‌ನಲ್ಲಿ 247 ಕೆ.ಜಿ. ಗಾಂಜಾ, ಮೂರೂವರೆ ವರ್ಷ ಜೈಲು. ವಿಚಾರಣೆ ಹೀಗೆ ಎಳೆದರೆ ಕಲಂ 37 ಇದ್ದರೂ ಜಾಮೀನು ಕೊಡಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅಷ್ಟು ವರ್ಷ ಕಾಯುವ ಗತಿ ನಿಮಗೆ ಬಾರದಿರಲಿ.

ಫೀಸಿಗೆ ಕಷ್ಟ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಜೈಲಿನಲ್ಲಿರುವವರಿಗೆ ಆದಾಯದ ಮಿತಿ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಕಾಡಂಚಿನ ಹುಡುಗ | ಮಾರ್ಚ್ 17

ಹೈಕೋರ್ಟಿನಲ್ಲಿ ಜಾಮೀನು ಆಯಿತು!! ಎಲ್ಲರಿಗಿಂತ ಮೊದಲು ಇಲ್ಲಿ ಬರೆಯಬೇಕು ಅನ್ನಿಸಿತು.

ಮಹಜರಿನಲ್ಲಿ ಎಲ್ಲೂ 'ಹೂವಿನ ತುದಿ' ಅಂತ ಇರಲಿಲ್ಲ. 'ಹಸಿ ಗಾಂಜಾ ಗಿಡಗಳು, ಬೇರು ಸಮೇತ' ಅಂತ ಅವರೇ ಬರೆದಿದ್ದರು. ಅದನ್ನೇ ನಮ್ಮ ವಕೀಲರು ಓದಿ ಹೇಳಿದರು. ಗಿಡದ ತೂಕವನ್ನೇ ಗಾಂಜಾದ ತೂಕ ಅಂತ ಈ ಹಂತದಲ್ಲಿ ಹೇಳಲು ಆಗುವುದಿಲ್ಲ, ಹಳೇ ಕೇಸ್ ಇಲ್ಲ ಅಂತ ಆದೇಶದಲ್ಲಿ ಬಂದಿದೆ. 1 ಲಕ್ಷದ ಬಾಂಡ್, ಇಬ್ಬರು ಶೂರಿಟಿ, ಪ್ರತಿ ಭಾನುವಾರ ಸ್ಟೇಷನ್‌ಗೆ ಹೋಗಿ ಸಹಿ.

ಕಾಡಂಚಿನ ಹುಡುಗ | ಮಾರ್ಚ್ 26

ಆದೇಶ ಆಗಿ 9 ದಿನ, ಇನ್ನೂ ಬಿಟ್ಟಿಲ್ಲ. ಶೂರಿಟಿ ಸಿಗುತ್ತಿಲ್ಲ. ಸ್ವಂತ ಪಹಣಿ ಇರುವವರು ಯಾರೂ ಗಾಂಜಾ ಕೇಸ್‌ಗೆ ಸಹಿ ಹಾಕಲು ಒಪ್ಪುತ್ತಿಲ್ಲ. ಒಬ್ಬರು ಒಪ್ಪಿ ಕೋರ್ಟಿನ ಗೇಟಿನ ತನಕ ಬಂದು ವಾಪಸ್ ಹೋದರು. ಚಿಕ್ಕಮ್ಮ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ವಕಾಲತ್ತು | ಮಾರ್ಚ್ 26

ಇದು ಬಹಳ ಜನರಿಗೆ ಆಗುತ್ತದೆ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಇದಕ್ಕೇ ಮಾರ್ಗಸೂಚಿ ಕೊಟ್ಟಿದೆ. ಆದೇಶ ಆಗಿ 7 ದಿನದೊಳಗೆ ಬಿಡುಗಡೆ ಆಗದಿದ್ದರೆ ಜೈಲು ಸೂಪರಿಂಟೆಂಡೆಂಟ್ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ನಾಳೆಯೇ ಪ್ರಾಧಿಕಾರದ ಕಚೇರಿಗೆ ಹೋಗಿ ಆದೇಶದ ಪ್ರತಿ ಕೊಡಿ. ಒಂದು ತಿಂಗಳಾದರೂ ಶೂರಿಟಿ ಸಿಗದಿದ್ದರೆ ಷರತ್ತು ಸಡಿಲಿಸುವ ಬಗ್ಗೆ ಕೋರ್ಟ್ ತಾನಾಗಿಯೇ ನೋಡಬಹುದು. ನಿಮ್ಮ ವಕೀಲರು ಈಗಲೇ ಅರ್ಜಿ ಹಾಕಿ ಒಬ್ಬ ಶೂರಿಟಿ ಸಾಕು ಅಂತ ಕೇಳಿದರೂ ಆಗುತ್ತದೆ. ಬೇರೆ ಜಿಲ್ಲೆಯ ನೆಂಟರಾದರೂ ಪರವಾಗಿಲ್ಲ. ಬೇರೆ ಜಿಲ್ಲೆಯವರು ಎಂಬ ಕಾರಣಕ್ಕೆ ತಿರಸ್ಕರಿಸಬಾರದು ಅಂತ 1978ರಲ್ಲೇ ಮೋತಿರಾಮ್ ಕೇಸ್‌ನಲ್ಲಿ ಬಂದಿದೆ. ಅದು ಒಬ್ಬ ಬಡ ಗಾರೆ ಕೆಲಸದವನ ಕೇಸ್.

ಮೆಣಸಿನಕಾಯಿ ರೈತ | ಮಾರ್ಚ್ 27

ತಮ್ಮಾ, ನನಗೆ ಮೆಸೇಜ್ ಮಾಡು. ನನ್ನ ತಂಗಿಯ ಗಂಡ ನಿಮ್ಮ ಪಕ್ಕದ ಜಿಲ್ಲೆಯಲ್ಲೇ ಇದ್ದಾನೆ, ಅವನ ಹೆಸರಲ್ಲಿ ಮೂರು ಎಕರೆ ಇದೆ. ಮಾತಾಡುತ್ತೇನೆ.

ಕಾಡಂಚಿನ ಹುಡುಗ | ಏಪ್ರಿಲ್ 6

ಏಪ್ರಿಲ್ 2ಕ್ಕೆ ಚಿಕ್ಕಪ್ಪ ಮನೆಗೆ ಬಂದರು. ಇಬ್ಬರಲ್ಲಿ ಒಬ್ಬ ಶೂರಿಟಿ ಮೆಣಸಿನಕಾಯಿ ಅಣ್ಣನ ನೆಂಟರು. ಮುಖ ನೋಡದ ನಮಗೋಸ್ಕರ ಬೆಳಗ್ಗೆ ಆರಕ್ಕೆ ಬಸ್ ಹಿಡಿದು, ಪಹಣಿ ಹಿಡಿದುಕೊಂಡು ಬಂದಿದ್ದರು. ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ ಮಾಡಿ ಹೋದರು.

ಇವತ್ತು ಮೊದಲ ಭಾನುವಾರ. ಸ್ಟೇಷನ್ 26 ಕಿ.ಮೀ. ದೂರ. ಬಸ್ ತಪ್ಪಬಾರದು ಅಂತ ಚಿಕ್ಕಪ್ಪ ನಾಲ್ಕೂವರೆಗೇ ಎದ್ದು ಕುಳಿತಿದ್ದರು. ಸಹಿ ಹಾಕಿ ಬಂದಿದ್ದೇವೆ. ಚಾರ್ಜ್‌ಶೀಟ್ ಇನ್ನೂ ಬಂದಿಲ್ಲ.

ಟೀಚರ್ ಅಮ್ಮ, ನೀವು ಬರೆದದ್ದನ್ನು ನಾನು ಚಿಕ್ಕಪ್ಪನಿಗೆ ಓದಿ ಹೇಳಿದೆ. ಜ್ಯಾಮಿಟ್ರಿ ಬಾಕ್ಸ್ ವಿಷಯವನ್ನೂ ಓದಿದೆ. ಅವರು ಏನೂ ಮಾತಾಡಲಿಲ್ಲ. ಎದ್ದು ಕೊಟ್ಟಿಗೆಗೆ ಹೋದರು. ಸಂಜೆ ಬಂದು, 'ಆ ಹುಡುಗ ಈಗ ಹೇಗಿದ್ದಾನಂತೆ ಕೇಳು' ಅಂದರು. ಹೇಗಿದ್ದಾನೆ?

ಟೀಚರ್ ಅಮ್ಮ | ಏಪ್ರಿಲ್ 7

ಚೆನ್ನಾಗಿದ್ದಾನೆ. ಪರೀಕ್ಷೆ ಬರೆದ. ಹನ್ನೊಂದನೇ ತಿಂಗಳು ನಡೆಯುತ್ತಿದೆ ಅಂತ ಹೇಳಿ.